ಗಾಳಿಗೆ ದಾರಿ, ಕೈಗೆ ಜಾಗ

ಮನೆಯ ಸರ್ವರ್ ಸಾಮಾನ್ಯವಾಗಿ ಸರ್ವರ್ ಆಗಿ ಹುಟ್ಟುವುದಿಲ್ಲ. ಹೊಸ ಕಂಪ್ಯೂಟರ್ ಬಂದ ಮೇಲೆ ಮೂಲೆ ಸೇರಿದ ಹಳೇ ಡೆಸ್ಕ್‌ಟಾಪಿಗೆ ಮನೆಯ ಆಸಕ್ತರೊಬ್ಬರು ಲಿನಕ್ಸ್ ಹಾಕುತ್ತಾರೆ. ಎಲ್ಲರ ಫೋನಿನ ಫೋಟೊಗಳೂ ರಾತ್ರಿ ಹೊತ್ತು ಅಲ್ಲಿಗೆ ಹೋಗಿ ಸೇರುವಂತೆ ಮಾಡುತ್ತಾರೆ. ಅಲ್ಲಿಂದ ಅದರ ಜವಾಬ್ದಾರಿ ಬೆಳೆಯತೊಡಗುತ್ತದೆ. ಕ್ಯಾಸೆಟ್ಟಿನಿಂದ ಇಳಿಸಿಕೊಂಡ ತಾಳಮದ್ದಳೆ, ಮದುವೆಯ ವಿಡಿಯೊ, ಸ್ಕ್ಯಾನ್ ಮಾಡಿಟ್ಟ ಕ್ರಯಪತ್ರ, ಗೇಟಿನ ಕ್ಯಾಮೆರಾದ ರೆಕಾರ್ಡಿಂಗು ಎಲ್ಲ ಬಂದು ಕೂಡುತ್ತವೆ. ಒಂದಿದ್ದ ಹಾರ್ಡ್ ಡಿಸ್ಕ್ ಎರಡಾಗುತ್ತದೆ, ನಾಲ್ಕಾಗುತ್ತದೆ. ಐದನೆಯದು ಡಿವಿಡಿ ಡ್ರೈವ್ ತೆಗೆದ ಖಾಲಿ ಗೂಡಿನಲ್ಲಿ ಟೇಪ್ ಸುತ್ತಿಸಿಕೊಂಡು ಕೂರುತ್ತದೆ. ಒಂದು ಡಿಸ್ಕ್ ಕೆಟ್ಟಿತೆಂದರೆ ಎರಡೂ ಬದಿಯ ತಗಡು ಬಿಚ್ಚಿ, ವೈರುಗಳ ಗೋಜಲು ಸರಿಸಿ, ಕೆಟ್ಟದ್ದು ಯಾವುದೆಂದು ಟಾರ್ಚ್ ಹಿಡಿದು ಹುಡುಕಬೇಕು. ಆ ಹುಡುಕಾಟದಲ್ಲಿ ಪಕ್ಕದ ಒಳ್ಳೆಯ ಡಿಸ್ಕಿನ ಕೇಬಲ್ಲೂ ಸಡಿಲವಾಗಬಹುದು.

ಈ ಹಂತಕ್ಕೆ ಬಂದವರಿಗೆ ರ‍್ಯಾಕ್ ಕೇಸಿನ ಯೋಚನೆ ಬರುತ್ತದೆ. ಅದೇ ಮದರ್‌ಬೋರ್ಡ್, ಅದೇ ಪ್ರೊಸೆಸರ್, ಅವೇ ಡಿಸ್ಕುಗಳು. ಬದಲಾಗುವುದು ಸುತ್ತಲಿನ ತಗಡು ಮಾತ್ರ. ಹಾಗಾಗಿ ಇದು ಅಲಂಕಾರದ ಖರ್ಚು ಎಂದು ಹಲವರ ಅನಿಸಿಕೆ. ನಾನು ಅದನ್ನು ಒಪ್ಪುವುದಿಲ್ಲ. ಗಾಳಿ ಎಲ್ಲಿಂದ ಬಂದು ಯಾವುದನ್ನು ಮುಟ್ಟಿ ಎಲ್ಲಿ ಹೊರಗೆ ಹೋಗಬೇಕು, ಕೆಟ್ಟ ಭಾಗಕ್ಕೆ ಮನುಷ್ಯನ ಕೈ ಎಷ್ಟು ಸಲೀಸಾಗಿ ತಲುಪಬೇಕು ಎಂಬುದನ್ನು ತೀರ್ಮಾನಿಸುವುದು ಕೇಸೇ. ವರ್ಷಗಟ್ಟಲೆ ಹಗಲೂ ರಾತ್ರಿ ನಡೆಯಬೇಕಾದ ಯಂತ್ರಕ್ಕೆ ಇವೆರಡಕ್ಕಿಂತ ದೊಡ್ಡ ಪ್ರಶ್ನೆಗಳಿಲ್ಲ. ಪ್ರೊಸೆಸರಿನ ವೇಗ ಕೂಡ ಆಮೇಲಿನದು.

ರ‍್ಯಾಕಿನ ಅಳತೆ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ 1922ರ ಸುಮಾರಿಗೆ ತನ್ನ ಎಕ್ಸ್‌ಚೇಂಜುಗಳಲ್ಲಿ ಜಾಗ ಉಳಿಸಲು 19 ಇಂಚು ಅಗಲದ ಫಲಕಗಳನ್ನು ಒಂದರ ಮೇಲೊಂದು ಕೂರಿಸುವ ಚೌಕಟ್ಟನ್ನು ರೂಢಿಗೆ ತಂದಿತು. ಟೆಲಿಫೋನಿನಿಂದ ಅದು ರೇಡಿಯೊ ಕೇಂದ್ರ, ಧ್ವನಿಮುದ್ರಣ ಸ್ಟುಡಿಯೊ, ಪ್ರಯೋಗಾಲಯಗಳಿಗೆ ಹೋಯಿತು. ಕಂಪ್ಯೂಟರ್ ಬಂದಾಗ ಚೌಕಟ್ಟು ಸಿದ್ಧವಾಗಿಯೇ ಇತ್ತು. ಇವತ್ತಿಗೂ ಮುಂಭಾಗದ ಅಗಲ ಅದೇ 19 ಇಂಚು, ಅಂದರೆ 482.6 ಮಿಲಿಮೀಟರ್. ಎತ್ತರದ ಲೆಕ್ಕ ‘ಯು’ ಎಂಬ ಘಟಕದಲ್ಲಿ. ಒಂದು ಯು ಎಂದರೆ ಒಂದೂಮುಕ್ಕಾಲು ಇಂಚು, 44.45 ಮಿ.ಮೀ. ಕಂಬದ ತೂತುಗಳನ್ನು ಗಮನಿಸಿದರೆ ಅವು ಸಮ ಅಂತರದಲ್ಲಿ ಇರುವುದಿಲ್ಲ. ಒಂದು ಯು ಒಳಗಿನ ಮೂರು ತೂತುಗಳ ನಡುವೆ 15.875 ಮಿ.ಮೀ. ಅಂತರ, ಮುಂದಿನ ಯುವಿನ ಮೊದಲ ತೂತಿಗೆ 12.7 ಮಿ.ಮೀ. ಈ ಕಿರಿದಾದ ಅಂತರದ ನಟ್ಟನಡುವೆಯೇ ಎರಡು ಯುಗಳ ಗಡಿ. ಇದನ್ನು ತಿಳಿಯದೆ ಒಂದು ತೂತು ಮೇಲೋ ಕೆಳಗೋ ನಟ್ಟು ಹಾಕಿದರೆ ಮೇಲಿನ ಉಪಕರಣ ಕೂರುವುದೇ ಇಲ್ಲ. ಇಐಎ-310 ಎಂಬ ಮಾನದಂಡ ಇಷ್ಟನ್ನೂ ಬರೆದಿಟ್ಟಿದೆ.

ಈ ಮಾನದಂಡದ ಬಗ್ಗೆ ನನಗೆ ನಿಜವಾದ ಗೌರವವಿದೆ. ಅದು ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಇಂದು ಕೊಂಡ ಕೇಸನ್ನು ಯಾವುದೋ ಕಾರ್ಖಾನೆಯ ಹಳೇ ರ‍್ಯಾಕಿನಲ್ಲಿ ತಿರುಪು ಹಾಕಿ ಕೂರಿಸಬಹುದು. ಅದೇ ರೀತಿ ಇಂಟೆಲ್ 1995ರಲ್ಲಿ ಹೊರತಂದ ಎಟಿಎಕ್ಸ್ ಅಳತೆಯಿಂದಾಗಿ 305 × 244 ಮಿ.ಮೀ. ಬೋರ್ಡಿನ ತಿರುಪಿನ ಜಾಗಗಳು ಯಾವ ತಯಾರಕರಲ್ಲೂ ಬದಲಾಗುವುದಿಲ್ಲ. ಈ ಎರಡು ಅಳತೆಗಳು ಒಂದಾಗುವ ಕಡೆಯೇ ಮನೆಯ ರ‍್ಯಾಕ್ ಸರ್ವರ್ ಸಾಧ್ಯವಾಗಿರುವುದು. ಸಿದ್ಧ ರೂಪದ ಸ್ಟೋರೇಜ್ ಪೆಟ್ಟಿಗೆ ಕೊಂಡರೆ ಅದರ ಬೋರ್ಡ್ ಕೆಟ್ಟ ದಿನ ಅದೇ ಕಂಪನಿಯ ಬಾಗಿಲು ತಟ್ಟಬೇಕು. ಇಲ್ಲಿ ಯಾವ ಭಾಗ ಕೆಟ್ಟರೂ ಅಂಗಡಿಯಲ್ಲಿ ಅದಕ್ಕೆ ಬದಲಿ ಇದೆ.

ಈಗ ಮುಖ್ಯ ಆಯ್ಕೆ: ಎಷ್ಟು ಯು? ಹಳೆಯ 1ಯು ಮತ್ತು 2ಯು ಸರ್ವರುಗಳು ಕಚೇರಿಗಳಿಂದ ಹೊರಬಿದ್ದು ಅಗ್ಗಕ್ಕೆ ಸಿಗುತ್ತವೆ, ತೆಳ್ಳಗೆ ಚೆಂದವಾಗಿಯೂ ಕಾಣುತ್ತವೆ. ಆದರೆ ಮನೆಗೆ ಅವು ಸಲ್ಲವು. ಕಾರಣ ಫ್ಯಾನಿನ ಅಳತೆಯಲ್ಲಿದೆ. 1ಯು ಕೇಸಿನ 44 ಮಿ.ಮೀ. ಎತ್ತರದಲ್ಲಿ ಹಿಡಿಸುವುದು 40 ಮಿ.ಮೀ. ಫ್ಯಾನ್. ಅಷ್ಟು ಪುಟ್ಟ ರೆಕ್ಕೆ ಬೇಕಾದಷ್ಟು ಗಾಳಿ ನೂಕಬೇಕಾದರೆ ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟಿ ತಿರುಗಬೇಕಾಗುತ್ತದೆ, ಅದರ ಕೀರಲು ದನಿ ಮುಚ್ಚಿದ ಬಾಗಿಲಿನಾಚೆಗೂ ಕೇಳುತ್ತದೆ. 2ಯು ಕೇಸಿಗೆ 80 ಮಿ.ಮೀ. ಫ್ಯಾನ್. 3ಯು ಮತ್ತು 4ಯು ಕೇಸುಗಳಿಗೆ 120 ಮಿ.ಮೀ. ಫ್ಯಾನ್ ನಿಲ್ಲುತ್ತದೆ. ಅದು ಸಾವಿರದ ಆಸುಪಾಸಿನ ಸುತ್ತಿನಲ್ಲೇ ಅಷ್ಟೇ ಕೆಲಸ ಮಾಡಬಲ್ಲದು.

ಫ್ಯಾನಿನ ಗಣಿತ ಮನಸ್ಸಿನಲ್ಲಿದ್ದರೆ ಉಳಿದ ತೀರ್ಮಾನಗಳು ಸುಲಭ. ಒಂದೇ ಫ್ಯಾನನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿದಾಗ ಗಾಳಿಯ ಪ್ರಮಾಣ ವೇಗದಷ್ಟೇ ಏರಿಳಿಯುತ್ತದೆ. ಒತ್ತಡ ವೇಗದ ವರ್ಗದಷ್ಟು, ತಿನ್ನುವ ವಿದ್ಯುತ್ತು ವೇಗದ ಘನದಷ್ಟು. ಸದ್ದಿನ ಮಟ್ಟ ವೇಗ ಅರ್ಧಕ್ಕಿಳಿದರೆ ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ಹತ್ತು ಡೆಸಿಬೆಲ್ ತಗ್ಗಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ. ಹಾಗಾಗಿ ಒಂದು ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸುವುದರ ಬದಲು ಎರಡನ್ನು ಅರ್ಧ ವೇಗದಲ್ಲಿ ಓಡಿಸುವುದು ಸಾಮಾನ್ಯವಾಗಿ ಲಾಭ. ಅಮೆರಿಕದ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಬೇಸ್‌ಮೆಂಟ್ ಇರುತ್ತದೆ, ಅಲ್ಲಿ ಯಂತ್ರ ಎಷ್ಟು ಅರಚಿದರೂ ನಡೆಯುತ್ತದೆ. ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸರ್ವರಿಗೂ ಮಗುವಿನ ನಿದ್ದೆಗೂ ನಡುವೆ ಇರುವುದು ಒಂದೇ ಗೋಡೆ. ಆದ್ದರಿಂದ 4ಯು. ಎತ್ತರ ಇದ್ದಷ್ಟೂ ಮನೆ ಶಾಂತ.

ಆದರೆ 4ಯು ಅಂದಾಕ್ಷಣ ಯಾವ ಕೂಲರ್ ಬೇಕಾದರೂ ಹಿಡಿಸುತ್ತದೆಂದಲ್ಲ. ನಾಲ್ಕು ಯು ಅಂದರೆ 177.8 ಮಿ.ಮೀ. ಪಕ್ಕದ ಉಪಕರಣಕ್ಕೆ ತಾಗದಿರಲೆಂದು ತಯಾರಕರು ಅದರಲ್ಲಿ ಮಿಲಿಮೀಟರಿನಷ್ಟು ಬಿಡುತ್ತಾರೆ. ಮೇಲಿನ ಕೆಳಗಿನ ತಗಡಿನ ದಪ್ಪ, ಬೋರ್ಡಿನ ಕೆಳಗಿನ ಹಿತ್ತಾಳೆ ಕಂಬಗಳ ಆರೇಳು ಮಿ.ಮೀ., ಬೋರ್ಡಿನ ದಪ್ಪ, ಅದರ ಮೇಲೆ ಸಾಕೆಟ್ ಮತ್ತು ಪ್ರೊಸೆಸರಿನ ಎತ್ತರ ಇಷ್ಟನ್ನೂ ಕಳೆದರೆ ಉಳಿಯುವುದು 155ರ ಆಸುಪಾಸು, ಕೆಲವು ಕೇಸುಗಳಲ್ಲಿ ಇನ್ನೂ ಕಡಿಮೆ. ನೋಕ್ಟುವಾ ಕಂಪನಿಯ ಹೆಸರಾಂತ ಎನ್‌ಎಚ್-ಡಿ15 ಕೂಲರಿನ ಎತ್ತರ 165 ಮಿ.ಮೀ.; ಅದನ್ನು ಹಾಕಿದರೆ ಮುಚ್ಚಳ ಕೂರುವುದಿಲ್ಲ. ಅದೇ ಕಂಪನಿಯ ಎನ್‌ಎಚ್-ಯು9ಎಸ್ 125 ಮಿ.ಮೀ. ಮಾತ್ರ, ಆರಾಮವಾಗಿ ನಿಲ್ಲುತ್ತದೆ. ಟವರ್ ಕೇಸಿನಿಂದ ಸ್ಥಳಾಂತರ ಮಾಡುವವರು ಬಹುತೇಕ ಬದಲಿಸಬೇಕಾದ ಒಂದು ಭಾಗ ಇದ್ದರೆ ಅದು ಈ ಕೂಲರ್. ಹೊಸದನ್ನು ಆರಿಸುವಾಗ ಅದರ ಗಾಳಿ ಮುಂದಿನಿಂದ ಹಿಂದಕ್ಕೆ ಬೀಸುವಂತೆ ಕೂರುತ್ತದೆಯೇ ಎಂದೂ ನೋಡಬೇಕು. ಕೆಲವು ಬೋರ್ಡುಗಳ ಸಾಕೆಟ್ ಅಡ್ಡ ತಿರುಗಿರುತ್ತದೆ.

ಮುಂದಿನಿಂದ ಹಿಂದಕ್ಕೆ ಎಂಬುದು ರ‍್ಯಾಕ್ ಜಗತ್ತಿನ ಮೂಲ ನಿಯಮ. ಟವರ್ ಕೇಸಿನಲ್ಲಿ ಗಾಳಿ ಕೆಳಗಿನಿಂದಲೂ ಪಕ್ಕದಿಂದಲೂ ಬರಬಹುದು, ಮೇಲಿನಿಂದಲೂ ಹೋಗಬಹುದು. ರ‍್ಯಾಕಿನಲ್ಲಿ ಮೇಲೂ ಕೆಳಗೂ ಬೇರೆ ಉಪಕರಣ ಕೂತಿರುವುದರಿಂದ ಆ ದಾರಿಗಳೆಲ್ಲ ಬಂದ್. ತಣ್ಣನೆಯ ಗಾಳಿ ಮುಂಬಾಗಿಲಿನಲ್ಲಿ ಒಳಬಂದು, ಡಿಸ್ಕುಗಳ ಸಂದಿನಲ್ಲಿ ನುಗ್ಗಿ, ನಡುವಿನ ಫ್ಯಾನುಗಳ ಗೋಡೆ ದಾಟಿ, ಪ್ರೊಸೆಸರನ್ನೂ ಕಾರ್ಡುಗಳನ್ನೂ ಸವರಿ ಹಿಂದೆ ಹೋಗುತ್ತದೆ. ಈ ಫ್ಯಾನ್ ಗೋಡೆಯೇ 4ಯು ಕೇಸಿನ ಹೃದಯ. ಅದರ ಅಕ್ಕಪಕ್ಕದಲ್ಲಿ ವೈರು ಹಾಯಿಸಲು ಬಿಟ್ಟ ತೂತುಗಳನ್ನು ಮುಚ್ಚದೆ ಹೋದರೆ ಹಿಂದಕ್ಕೆ ಹೋದ ಬಿಸಿಗಾಳಿ ಅಲ್ಲಿಂದ ಮತ್ತೆ ಮುಂದಕ್ಕೆ ಸುತ್ತಿ ಬರುತ್ತದೆ. ತೋಟದ ಕಾಲುವೆಯ ಏರಿಯಲ್ಲಿ ಬಿಲ ಬಿದ್ದರೆ ನೀರು ಕೊನೆಯ ಮಡಿಗೆ ತಲುಪದ ಹಾಗೆ, ತಗಡಿನಲ್ಲಿ ಒಂದು ಸುಲಭದ ಸಂದು ಸಿಕ್ಕಿದರೆ ಗಾಳಿ ಬಿಗಿಯಾದ ಡಿಸ್ಕುಗಳ ನಡುವೆ ನುಗ್ಗುವ ಕಷ್ಟ ತೆಗೆದುಕೊಳ್ಳುವುದಿಲ್ಲ. ತೆಳುವಾದ ಫೋಮ್ ತುಂಡು, ದಪ್ಪ ಪ್ಲಾಸ್ಟಿಕ್ ಹಾಳೆ, ಖಾಲಿ ಡಿಸ್ಕ್ ಗೂಡಿಗೆ ಒಂದು ಮುಚ್ಚಳ — ಕೆಲವೇ ರೂಪಾಯಿಯ ಈ ಕೆಲಸ ಹೊಸ ಫ್ಯಾನಿಗಿಂತ ಹೆಚ್ಚು ಫಲ ಕೊಡುತ್ತದೆ.

ಗಾಳಿಯ ದಾರಿಯಲ್ಲಿ ಹೆಚ್ಚಿನವರು ಮರೆಯುವ ಒಂದು ಭಾಗವಿದೆ. ಎಂಟು ಡಿಸ್ಕು ಜೋಡಿಸಲು ಮದರ್‌ಬೋರ್ಡಿನ ಕಿಂಡಿಗಳು ಸಾಲದಾಗ ಎಲ್‌ಎಸ್‌ಐ 9211-8ಐ ಥರದ ಹಳೇ ಸರ್ವರ್ ಕಾರ್ಡನ್ನು ಹಾಕುವುದು ರೂಢಿ. ಅದರ ಮೇಲೆ ಚಿಕ್ಕ ಅಲ್ಯೂಮಿನಿಯಂ ಹೀಟ್‌ಸಿಂಕ್ ಇರುತ್ತದೆ, ಫ್ಯಾನ್ ಇರುವುದಿಲ್ಲ. ಡೇಟಾ ಸೆಂಟರಿನ ಬಿರುಗಾಳಿಯಲ್ಲಿ ಬಾಳಲೆಂದು ಮಾಡಿದ ಕಾರ್ಡು ಅದು. ನಿಮಿಷಕ್ಕೆ 200 ಅಡಿ ವೇಗದ ಗಾಳಿ ಸದಾ ತನ್ನ ಮೇಲೆ ಹಾಯುತ್ತಿರಲಿ ಎಂಬುದು ಅದರ ನಿರೀಕ್ಷೆ. ಮನೆಯಲ್ಲಿ ಸದ್ದು ಕಡಿಮೆ ಮಾಡಲೆಂದು ಫ್ಯಾನ್ ವೇಗ ಇಳಿಸಿದಾಗ ಮೊದಲು ಬಳಲುವುದು ಪ್ರೊಸೆಸರಲ್ಲ, ಈ ಕಾರ್ಡು. ಅತಿಯಾಗಿ ಕಾದ ಕಾರ್ಡು ಎಲ್ಲ ಡಿಸ್ಕುಗಳ ಮೇಲೂ ಒಟ್ಟಿಗೆ ದೋಷ ತೋರಿಸಬಲ್ಲದು, ಆಗ ಒಡೆಯನ ಅನುಮಾನ ತಪ್ಪಿಲ್ಲದ ಡಿಸ್ಕುಗಳ ಮೇಲೆ ಹೋಗುತ್ತದೆ. ಕಾರ್ಡಿನ ಪಕ್ಕ ಒಂದು ನಿಧಾನದ 80 ಮಿ.ಮೀ. ಫ್ಯಾನ್ ಕಟ್ಟಿಬಿಡುವುದು ಒಳ್ಳೆಯದು.

ಡಿಸ್ಕಿನ ವಿಷಯಕ್ಕೆ ಬಂದರೆ ಶಾಖದ ಜೊತೆ ಕಂಪನದ ಮಾತೂ ಬರುತ್ತದೆ. ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೆ ಒಂದು ಇಂಚಿನ ಅಗಲದಲ್ಲಿ ಲಕ್ಷಗಟ್ಟಲೆ ಜಾಡುಗಳಿರುತ್ತವೆ. ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುವ ಆ ತಟ್ಟೆಯ ಮೇಲೆ ಓದುವ ತಲೆ ತನ್ನ ಜಾಡು ಬಿಡದೆ ತೇಲಬೇಕು. 2008ರ ಕೊನೆಯಲ್ಲಿ ಸನ್ ಮೈಕ್ರೊಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ ಡಿಸ್ಕುಗಳ ಸಾಲಿನೆದುರು ನಿಂತು ಜೋರಾಗಿ ಕಿರುಚಿದರು. ಕಿರುಚಿದ ಆ ಕ್ಷಣದಲ್ಲೇ ಡಿಸ್ಕುಗಳು ಉತ್ತರಿಸಲು ತೆಗೆದುಕೊಂಡ ಸಮಯ ಏರಿದ್ದು ಪರದೆಯ ನಕ್ಷೆಯಲ್ಲಿ ಕಂಡಿತು. ಇದರ ವಿಡಿಯೊ ಇಂದಿಗೂ ಲಭ್ಯ, ಪ್ರತಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ತೋರಿಸಬೇಕಾದದ್ದು. ಮನುಷ್ಯನ ದನಿಗೇ ಅದುರುವ ಯಂತ್ರಕ್ಕೆ ಪಕ್ಕದಲ್ಲೇ ತಿರುಗುವ ಇನ್ನೇಳು ಡಿಸ್ಕುಗಳ ಕಂಪನ ಸಣ್ಣದೇನಲ್ಲ. ಟವರಿನ ತೆಳು ತಗಡಿನಲ್ಲಿ, ಒಂದು ಬದಿಗೆ ಮಾತ್ರ ತಿರುಪು ಹಾಕಿ ತೂಗಿದ ಡಿಸ್ಕುಗಳು ಒಂದನ್ನೊಂದು ಕುಲುಕುತ್ತವೆ. ರ‍್ಯಾಕ್ ಕೇಸಿನ ಟ್ರೇಗಳಲ್ಲಿ ನಾಲ್ಕೂ ಕಡೆ ಬಿಗಿಯಾದ ಹಿಡಿತ ಸಿಗುತ್ತದೆ, ಒಳ್ಳೆಯ ಕೇಸುಗಳಲ್ಲಿ ರಬ್ಬರ್ ಬಿಲ್ಲೆಗಳೂ ಇರುತ್ತವೆ.

ಶಾಖದ ಬಗ್ಗೆ ಒಂದು ಮಾತು ನೆಮ್ಮದಿ ಕೊಡಬಹುದು. ಗೂಗಲ್‌ನ ಪಿನ್ಹೇರೊ, ವೇಬರ್ ಮತ್ತು ಬರೋಸೊ 2007ರಲ್ಲಿ ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಂಕಿಅಂಶ ಪ್ರಕಟಿಸಿದರು. ಅಲ್ಲಿಯವರೆಗೆ ನಂಬಿದ್ದಷ್ಟು ನೇರವಾದ ಸಂಬಂಧ ಶಾಖಕ್ಕೂ ಡಿಸ್ಕಿನ ಸಾವಿಗೂ ಅವರಿಗೆ ಕಾಣಲಿಲ್ಲ. ತೀರಾ ತಣ್ಣಗಿದ್ದ ಡಿಸ್ಕುಗಳೇ ಹೆಚ್ಚು ಕೆಟ್ಟಿದ್ದವು. ವಯಸ್ಸಾದ ಡಿಸ್ಕುಗಳಿಗೆ ಮಾತ್ರ ಅತಿ ಬಿಸಿ ಹಾನಿಕರವೆಂದು ತೋರಿತು. ಹಾಗಾಗಿ ಡಿಸ್ಕುಗಳನ್ನು 25 ಡಿಗ್ರಿಗೆ ಇಳಿಸಬೇಕೆಂದು ಫ್ಯಾನುಗಳನ್ನು ಅರಚಿಸುವುದರಲ್ಲಿ ಅರ್ಥವಿಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಕೋಣೆಯೇ 38 ಡಿಗ್ರಿ ಇರುವಾಗ ಅದು ಸಾಧ್ಯವೂ ಇಲ್ಲ. 40ರ ಆಸುಪಾಸಿನಲ್ಲಿ, ದಿನಕ್ಕೆ ಹೆಚ್ಚು ಏರಿಳಿಯದೆ ನಿಂತರೆ ಸಾಕು.

ಹೆಚ್ಚು ಡಿಸ್ಕುಗಳನ್ನು 4ಯು ಕೇಸಿನಲ್ಲಿ ತುಂಬುವ ಕಲೆ ಎಲ್ಲರ ಕೈಗೆ ಬಂದದ್ದಕ್ಕೆ ಒಂದು ಉದಾರ ನಿರ್ಧಾರವೂ ಕಾರಣ. ಬ್ಯಾಕಪ್ ಸೇವೆ ಕೊಡುವ ಬ್ಯಾಕ್‌ಬ್ಲೇಜ್ ಕಂಪನಿ ದೊಡ್ಡ ತಯಾರಕರ ಸ್ಟೋರೇಜಿನ ಬೆಲೆ ಭರಿಸಲಾಗದೆ ತನ್ನದೇ ಕೆಂಪು ಬಣ್ಣದ 4ಯು ಪೆಟ್ಟಿಗೆ ಮಾಡಿಕೊಂಡಿತು. 45 ಡಿಸ್ಕುಗಳನ್ನು ನೆಟ್ಟಗೆ ನಿಲ್ಲಿಸಿ ಒಟ್ಟು 67 ಟೆರಾಬೈಟ್, ಖರ್ಚು ಎಂಟು ಸಾವಿರ ಡಾಲರಿಗೂ ಕಡಿಮೆ. 2009ರ ಸೆಪ್ಟೆಂಬರಿನಲ್ಲಿ ಅದರ ನಕ್ಷೆ, ಭಾಗಗಳ ಪಟ್ಟಿ, ವೈರಿಂಗ್ ಎಲ್ಲವನ್ನೂ ಯಾರು ಬೇಕಾದರೂ ಬಳಸಲಿ ಎಂದು ಬಹಿರಂಗಪಡಿಸಿತು. ಆ ವಿನ್ಯಾಸದ ಹಾದಿಯಲ್ಲೇ ಕೆನಡಾದ ನೋವಾ ಸ್ಕೋಶಿಯಾದಲ್ಲಿ 45ಡ್ರೈವ್ಸ್ ಎಂಬ ಉದ್ಯಮ ಬೆಳೆಯಿತು. ಬ್ಯಾಕ್‌ಬ್ಲೇಜ್‌ನ ಆ ನಿರ್ಧಾರಕ್ಕೂ ಹತ್ತು ವರ್ಷ ಮೊದಲು, 1999ರಲ್ಲಿ, ಗೂಗಲ್ ಕಾರ್ಕ್ ಹಾಸಿದ ಟ್ರೇಗಳ ಮೇಲೆ ಬರೀ ಮದರ್‌ಬೋರ್ಡುಗಳನ್ನು ಮಲಗಿಸಿ ರ‍್ಯಾಕ್ ತುಂಬಿತ್ತು. ಆ ರ‍್ಯಾಕುಗಳಲ್ಲೊಂದು ಈಗ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಇಬ್ಬರೂ ದುಬಾರಿ ಸರ್ವರ್ ಬಿಟ್ಟು ಅಂಗಡಿಯ ಸಾಧಾರಣ ಭಾಗಗಳನ್ನು ನಂಬಿದವರು. ಮನೆಯ ಸರ್ವರ್ ಕಟ್ಟುವವರು ನಡೆಯುತ್ತಿರುವುದೂ ಅದೇ ದಾರಿಯಲ್ಲಿ.

ನಮ್ಮಲ್ಲಿ ರ‍್ಯಾಕ್ ಕೊಳ್ಳುವಾಗ ಒಂದು ಬಲೆ ಇದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಗೋಡೆಗೆ ತೂಗುಹಾಕುವ 6ಯು, 9ಯು, 12ಯು ಪೆಟ್ಟಿಗೆಗಳು ಧಾರಾಳವಾಗಿ ಸಿಗುತ್ತವೆ. ಅವನ್ನು ಮಾಡಿರುವುದು ಸಿಸಿಟಿವಿ ರೆಕಾರ್ಡರ್ ಮತ್ತು ನೆಟ್‌ವರ್ಕ್ ಸ್ವಿಚ್‌ಗಳಿಗಾಗಿ, ಹೆಚ್ಚಿನವುಗಳ ಆಳ 450ರಿಂದ 600 ಮಿ.ಮೀ. ಮುಂಭಾಗದಲ್ಲಿ ಡಿಸ್ಕ್ ಟ್ರೇ ಇರುವ 4ಯು ಕೇಸುಗಳ ಆಳ ಎಷ್ಟೋ ಸಲ 650 ಮಿ.ಮೀ. ಮುಟ್ಟುತ್ತದೆ. ಹಿಂದೆ ಪ್ಲಗ್ಗು, ಕೇಬಲ್ಲುಗಳು ಬಾಗಲು ಇನ್ನೊಂದು ಗೇಣಿನಷ್ಟು ಬೇಕು. ಅಗಲ ಸರಿಯಿದೆ ಎಂದು ತಂದವರಿಗೆ ಆಳದಲ್ಲಿ ನಿರಾಸೆ. ಮೊದಲು ಕೇಸ್ ಆರಿಸಿ, ಅದರ ಆಳ ತಿಳಿದು, ಆಮೇಲೆ ರ‍್ಯಾಕ್ ಕೊಳ್ಳುವುದೇ ಸರಿಯಾದ ಕ್ರಮ. ಗೋಡೆಗೆ ತೂಗುವ ಆಲೋಚನೆಯನ್ನಂತೂ ಬಿಟ್ಟುಬಿಡಿ. 3.5 ಇಂಚಿನ ದೊಡ್ಡ ಡಿಸ್ಕೊಂದು ಮುಕ್ಕಾಲು ಕಿಲೋಗೆ ಹತ್ತಿರ. ಎಂಟು ಡಿಸ್ಕು ತುಂಬಿದ ಕೇಸು ಇಪ್ಪತ್ತು ಕಿಲೋ ಸುಲಭವಾಗಿ ದಾಟುತ್ತದೆ. ಇಂದಿನ ಅಪಾರ್ಟ್‌ಮೆಂಟುಗಳ ಟೊಳ್ಳು ಬ್ಲಾಕಿನ ಗೋಡೆಗೆ ಆ ಭಾರ ಹೊರಿಸುವುದು ಬೇಡ. ನೆಲದ ಮೇಲೆ ನಿಲ್ಲುವ ರ‍್ಯಾಕ್, ಅದರ ತಳದಲ್ಲಿ ಭಾರವಾದ ಯುಪಿಎಸ್, ಅದರ ಮೇಲೆ ಸರ್ವರ್, ತುದಿಯಲ್ಲಿ ಹಗುರವಾದ ಸ್ವಿಚ್ಚು.

ಕೇಸಿನ ಮುಂದಿನ ಎರಡು ಕಿವಿಗಳಿಗೆ ತಿರುಪು ಹಾಕಿದರೆ ಮುಗಿಯಿತೆಂದು ಕೆಲವರು ತಿಳಿಯುತ್ತಾರೆ. ಆ ಕಿವಿಗಳ ಕೆಲಸ ಕೇಸು ಮುಂದಕ್ಕೆ ಜಾರದಂತೆ ಹಿಡಿಯುವುದು, ಭಾರ ಹೊರುವುದಲ್ಲ. ಭಾರ ಹೊರಲು ಹಳಿ ಅಥವಾ ತಟ್ಟೆ ಬೇಕು. ಜಾರುವ ಹಳಿ ಹಾಕಿಸಿದರೆ ಖರ್ಚು ಹೆಚ್ಚು, ಆದರೆ ಇಡೀ ಸರ್ವರನ್ನು ಡ್ರಾಯರಿನಂತೆ ಎಳೆದು, ನಿಂತ ಜಾಗದಲ್ಲೇ ಮುಚ್ಚಳ ತೆರೆದು, ಎರಡೂ ಕೈಯಲ್ಲಿ ಕೆಲಸ ಮಾಡಬಹುದು. ರ‍್ಯಾಕ್ ಕೇಸಿನ ಅರ್ಧ ಸುಖ ಇರುವುದೇ ಇಲ್ಲಿ. ಒಂದೇ ಎಚ್ಚರಿಕೆ: ಹಗುರ ರ‍್ಯಾಕಿನಿಂದ ಭಾರದ ಸರ್ವರನ್ನು ಪೂರ್ತಿ ಎಳೆದರೆ ಇಡೀ ಚೌಕಟ್ಟು ಮುಂದಕ್ಕೆ ಮಗುಚಬಹುದು. ತಳ ಭಾರವಾಗಿರಬೇಕು ಅಥವಾ ನೆಲಕ್ಕೆ ಬಿಗಿದಿರಬೇಕು.

ವಿದ್ಯುತ್ ಜೋಡಣೆಯಲ್ಲಿ ಎರಡು ಸಂಗತಿ. ಡಿಸ್ಕು ತಿರುಗಲು ಶುರುಮಾಡುವ ಕ್ಷಣದಲ್ಲಿ 12 ವೋಲ್ಟಿನ ಮೇಲೆ ಸುಮಾರು ಎರಡು ಆಂಪಿಯರ್ ಎಳೆಯುತ್ತದೆ; ಎಂಟು ಒಟ್ಟಿಗೆ ಎದ್ದರೆ ಹತ್ತಿರ ಹತ್ತಿರ 200 ವಾಟ್. ಸುಮ್ಮನೆ ತಿರುಗುತ್ತಿರುವಾಗ ತಲಾ ಐದು ವಾಟ್ ಸಾಕೆನ್ನುವ ಲೆಕ್ಕ ಇಲ್ಲಿ ಉಪಯೋಗಕ್ಕಿಲ್ಲ. ಒಂದೊಂದಾಗಿ ಎಬ್ಬಿಸುವ ಸೌಲಭ್ಯ ಕಾರ್ಡಿನಲ್ಲಿದ್ದರೆ ಬಳಸಬೇಕು, ಒಂದೇ ವೈರಿಗೆ ಎಲ್ಲ ಡಿಸ್ಕು ಪೋಣಿಸಬಾರದು. ಅಚ್ಚಿನಲ್ಲಿ ಎರಕ ಹೊಯ್ದ ಅಗ್ಗದ ಅಡಾಪ್ಟರುಗಳ ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟ ಪ್ರಸಂಗಗಳಿವೆ, ಅವನ್ನು ಕೊಳ್ಳಲೇಬೇಡಿ. ಎರಡನೆಯದು ಹೊಸ ಡಿಸ್ಕುಗಳ ಒಂದು ಸ್ವಭಾವ. ಸಾಟಾ 3.3 ಮಾನದಂಡದ ಬಳಿಕ ಬಂದ ಕೆಲವು ಡಿಸ್ಕುಗಳಲ್ಲಿ ಪವರ್ ಕನೆಕ್ಟರಿನ ಮೂರನೇ ಪಿನ್ನಿಗೆ 3.3 ವೋಲ್ಟ್ ಸಿಕ್ಕರೆ ಡಿಸ್ಕು ಏಳುವುದೇ ಇಲ್ಲ. ದೂರದಿಂದ ಡಿಸ್ಕ್ ಬಂದ್ ಮಾಡಲೆಂದು ಡೇಟಾ ಸೆಂಟರಿಗೆ ಕೊಟ್ಟ ಸೌಲಭ್ಯ ಅದು. ಹಳೆಯ ಪವರ್ ಸಪ್ಲೈ ಆ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತಲೇ ಇರುತ್ತದೆ. ಡಿಸ್ಕು ಸತ್ತಿದೆಯೆಂದು ವಾಪಸು ಕಳಿಸುವ ಮೊದಲು ಆ ಪಿನ್ನಿನ ಮೇಲೆ ಕ್ಯಾಪ್ಟಾನ್ ಟೇಪಿನ ತುಂಡು ಅಂಟಿಸಿ ನೋಡಬೇಕು.

ಇನ್ನು ಸ್ಥಳಾಂತರದ ದಿನ. ಮೊದಲು ಬ್ಯಾಕಪ್, ಅದಕ್ಕೆ ಪರ್ಯಾಯವಿಲ್ಲ. ಆಮೇಲೆ ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕಕ್ಷರ ಬರೆದ ಚೀಟಿಯನ್ನು ಅದು ಸೇರಲಿರುವ ಟ್ರೇಯ ಮುಂಭಾಗಕ್ಕೆ ಅಂಟಿಸಬೇಕು. ಮುಂದೊಂದು ದಿನ ಕಂಪ್ಯೂಟರ್ ಇಂಥ ಸಂಖ್ಯೆಯ ಡಿಸ್ಕು ಕೆಟ್ಟಿದೆ ಎಂದಾಗ ಆ ಟ್ರೇಯನ್ನೇ ಎಳೆಯಬಹುದು. ಟಾರ್ಚ್ ಬೇಡ, ಊಹೆ ಬೇಡ. ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ಝಡ್‌ಎಫ್‌ಎಸ್ ಆಗಲಿ ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಆಗಲಿ ತನ್ನ ಗುರುತನ್ನು ಪ್ರತಿ ಡಿಸ್ಕಿನ ಮೇಲೇ ಬರೆದಿಟ್ಟುಕೊಳ್ಳುತ್ತದೆ, ಆದ್ದರಿಂದ ಡಿಸ್ಕುಗಳ ಕ್ರಮ ಬದಲಾದರೂ ತೊಂದರೆಯಿಲ್ಲ. 2005ರಲ್ಲಿ ಸನ್ ಕಂಪನಿಯಿಂದ ಹೊರಬಂದ ಝಡ್‌ಎಫ್‌ಎಸ್‌ನಲ್ಲಿ ಬಿಚ್ಚುವ ಮೊದಲು ಎಕ್ಸ್‌ಪೋರ್ಟ್, ಜೋಡಿಸಿದ ಮೇಲೆ ಇಂಪೋರ್ಟ್ ಮಾಡುವುದು ಶಿಸ್ತಿನ ಕ್ರಮ. ಹಳೇ ಹಾರ್ಡ್‌ವೇರ್ ರೇಡ್ ಕಾರ್ಡು ಬಳಸುವವರು ಮಾತ್ರ ಯಾವ ಡಿಸ್ಕು ಯಾವ ಕಿಂಡಿಯಲ್ಲಿತ್ತೆಂದು ಫೋಟೊ ತೆಗೆದಿಟ್ಟುಕೊಂಡು ಅದೇ ಕ್ರಮದಲ್ಲಿ ಜೋಡಿಸುವುದು ಕ್ಷೇಮ.

ಬೋರ್ಡ್ ಕೂರಿಸುವ ಮೊದಲು ಹೊಸ ಕೇಸಿನ ಹಿತ್ತಾಳೆ ಕಂಬಗಳನ್ನು ಎಣಿಸಬೇಕು. ಬೋರ್ಡಿನಲ್ಲಿ ತೂತಿಲ್ಲದ ಕಡೆ ಒಂದು ಕಂಬ ಉಳಿದುಬಿಟ್ಟರೂ ಅದು ಕೆಳಗಿನ ಬೆಸುಗೆಗಳಿಗೆ ತಾಗಿ ಶಾರ್ಟ್ ಆಗುತ್ತದೆ. ಬಿಚ್ಚಿದ್ದಾಗಲೇ ಸಿಆರ್2032 ನಾಣ್ಯದ ಸೆಲ್ಲು ಬದಲಿಸುವುದೂ ಜಾಣತನ. ಸೆಲ್ಲು ತೆಗೆದಾಗ ಅಳಿಸಿಹೋಗಬಹುದಾದ ಬಯೋಸ್ ಸೆಟ್ಟಿಂಗುಗಳನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು ಅಷ್ಟೆ.

ಎಲ್ಲ ಜೋಡಿಸಿ ಕರೆಂಟ್ ಕೊಟ್ಟರೆ ಫ್ಯಾನುಗಳು ತಿರುಗುತ್ತವೆ, ದೀಪಗಳು ಉರಿಯುತ್ತವೆ, ಆದರೆ ಸರ್ವರ್ ನೆಟ್‌ವರ್ಕಿನಲ್ಲಿ ಕಾಣುವುದಿಲ್ಲ. ತುಂಬ ಜನ ಗಾಬರಿಯಾಗುವ ಜಾಗ ಇದು. 2013ರಿಂದ ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಂಡಿ ನೆಟ್‌ವರ್ಕ್ ಕಾರ್ಡಿಗೆ ಅದು ಕೂತ ಪಿಸಿಐ ಜಾಗದ ಮೇಲೆ ಹೆಸರಿಡುತ್ತದೆ. ಸ್ಥಳಾಂತರದಲ್ಲಿ ಯಾವುದೋ ಕಾರ್ಡನ್ನು ಪಕ್ಕದ ಕಿಂಡಿಗೆ ಹಾಕಿದ್ದರೆ ಅಥವಾ ಹೊಸ ಕಾರ್ಡು ಸೇರಿಸಿದ್ದರೆ ಇಎನ್‌ಪಿ3ಎಸ್0 ಎಂದಿದ್ದದ್ದು ಇಎನ್‌ಪಿ4ಎಸ್0 ಆಗಿಬಿಡುತ್ತದೆ. ಹಳೇ ಹೆಸರಿಗೆ ಬರೆದಿಟ್ಟ ಐಪಿ ವಿಳಾಸ ಅನಾಥವಾಗುತ್ತದೆ. ಡೇಟಾಕ್ಕೇನೂ ಆಗಿರುವುದಿಲ್ಲ. ಒಂದು ಮಾನಿಟರು, ಒಂದು ಕೀಬೋರ್ಡು ಹತ್ತಿರ ಇಟ್ಟುಕೊಂಡಿದ್ದರೆ ಐದು ನಿಮಿಷದ ಕೆಲಸ. ಕಾರ್ಡಿನ ಮ್ಯಾಕ್ ವಿಳಾಸಕ್ಕೆ ಮೊದಲೇ ಹೆಸರು ಕಟ್ಟಿದ್ದರೆ ಅಷ್ಟೂ ಬೇಕಿಲ್ಲ.

ಎಲ್ಲಿ ಇಡುವುದು ಎಂಬುದಕ್ಕೆ ಉತ್ತರ ಮನೆಯಿಂದ ಮನೆಗೆ ಬೇರೆ. ಅಟ್ಟ ಮಾತ್ರ ಬೇಡ. ಮನೆಯ ಬಿಸಿಯೆಲ್ಲ ಏರಿ ಸೇರುವ ಜಾಗ ಅದು, ಇಪ್ಪತ್ತು ಕಿಲೋ ಭಾರವನ್ನು ಏಣಿಯ ಮೇಲೆ ನಿಂತು ಇಳಿಸುವ ಕಷ್ಟ ಬೇರೆ. ಮುಚ್ಚಿದ ಬೀರುವೂ ಬೇಡ. ಧೂಳಿಗೆ ಮುಂಬಾಗಿಲಲ್ಲಿ ತೊಳೆಯಬಹುದಾದ ಜಾಲರಿ, ಹಲ್ಲಿ-ಜಿರಲೆಗಳು ಬಾರದಂತೆ ಹಿಂದಿನ ಖಾಲಿ ಕಾರ್ಡ್ ಕಿಂಡಿಗಳಿಗೆ ಪಟ್ಟಿ. ಮಲೆನಾಡು, ಕರಾವಳಿಯವರಿಗೆ ಸಿಡಿಲಿನ ಚಿಂತೆ ದೊಡ್ಡದು. ಕರೆಂಟಿನ ದಾರಿಯೊಂದನ್ನೇ ಕಾದರೆ ಸಾಲದು, ಹೊರಗಿನ ಕ್ಯಾಮೆರಾಗಳಿಂದ ಬರುವ ತಾಮ್ರದ ನೆಟ್‌ವರ್ಕ್ ಕೇಬಲ್ಲೂ ಸಿಡಿಲಿನ ಆಘಾತವನ್ನು ಒಳಗೆ ತರುತ್ತದೆ. ಅಂಗಳ ದಾಟುವ ಆ ತುಂಡನ್ನು ಫೈಬರಿಗೆ ಬದಲಿಸಿದರೆ ಆ ದಾರಿ ಮುಚ್ಚುತ್ತದೆ, ಏಕೆಂದರೆ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ರ‍್ಯಾಕಿನ ಚೌಕಟ್ಟಿಗೆ ಸರಿಯಾದ ಅರ್ಥಿಂಗ್ ಕೊಡಿಸುವುದನ್ನು ಎಲೆಕ್ಟ್ರಿಷಿಯನ್‌ಗೆ ಒತ್ತಿ ಹೇಳಬೇಕು.

ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎಂದರೆ ಸಾಲುವುದಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಪೂರ್ತಿ ಹೊರೆಯಲ್ಲಿ ಕರೆಂಟಿಲ್ಲದೆ ತಡೆದುಕೊಳ್ಳುವುದು 16-17 ಮಿಲಿಸೆಕೆಂಡ್. ಇನ್ವರ್ಟರ್ ಅಷ್ಟರೊಳಗೆ ಕೈಗೆತ್ತಿಕೊಳ್ಳುತ್ತದೆಂಬ ಭರವಸೆಯಿಲ್ಲ. ಇನ್ವರ್ಟರಿಗೂ ಸರ್ವರಿಗೂ ನಡುವೆ ಒಂದು ಯುಪಿಎಸ್, ಆ ಯುಪಿಎಸ್ಸಿನಿಂದ ಸರ್ವರಿಗೆ ಒಂದು ಯುಎಸ್‌ಬಿ ವೈರು ಬೇಕು. ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಉಚಿತ ತಂತ್ರಾಂಶ ಬ್ಯಾಟರಿ ಇಳಿಯುತ್ತಿದ್ದಂತೆ ಸರ್ವರನ್ನು ತಾನಾಗಿ ಮುಚ್ಚುತ್ತದೆ. ಬರೆಯುತ್ತಿರುವಾಗಲೇ ಕರೆಂಟ್ ಹೋಗುವುದಕ್ಕಿಂತ ದೊಡ್ಡ ಶತ್ರು ಡಿಸ್ಕಿಗಿಲ್ಲ.

ಖರ್ಚನ್ನೂ ನೇರವಾಗಿ ಹೇಳಬೇಕು. ಸದಾ 100 ವಾಟ್ ತಿನ್ನುವ ಸರ್ವರ್ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್ ಬಳಸುತ್ತದೆ. ಕೇಸು ಬದಲಿಸಿದ್ದರಿಂದ ಈ ಲೆಕ್ಕ ತಗ್ಗುವುದಿಲ್ಲ. ಎಂಟು ಸಣ್ಣ ಡಿಸ್ಕುಗಳ ಬದಲು ನಾಲ್ಕು ದೊಡ್ಡವನ್ನು ಹಾಕಿದರೆ 20 ವಾಟ್, ತಿಂಗಳಿಗೆ ಹದಿನಾಲ್ಕು ಯೂನಿಟ್ ಉಳಿಯುತ್ತದೆ. ಎರಡೇ ಡಿಸ್ಕು ಇರುವ, ಇನ್ನು ಬೆಳೆಯುವ ಅಂದಾಜಿಲ್ಲದ ಮನೆಗೆ ರ‍್ಯಾಕ್ ಬೇಕೇ ಇಲ್ಲ. ಅಂಗೈ ಅಗಲದ ಪುಟ್ಟ ಕಂಪ್ಯೂಟರ್ ಅದೇ ಕೆಲಸವನ್ನು ಹತ್ತಿಪ್ಪತ್ತು ವಾಟಿನಲ್ಲಿ ಮಾಡುತ್ತದೆ. ಆರು, ಎಂಟು ಡಿಸ್ಕು ದಾಟಿದ ಮೇಲೆ, ಸ್ವಿಚ್ಚು, ರೂಟರು, ಯುಪಿಎಸ್ ಎಲ್ಲ ಒಂದೊಂದು ಮೂಲೆಯಲ್ಲಿ ಹರಡಿಕೊಂಡ ಮೇಲೆ ರ‍್ಯಾಕಿನ ದುಡ್ಡು ಸಾರ್ಥಕ.

ಸರ್ವರ್ ಹೊಸ ಕೇಸಿನಲ್ಲಿ ಎದ್ದ ಮೊದಲ ರಾತ್ರಿ ಇಡೀ ಸಂಗ್ರಹವನ್ನು ಆರಂಭದಿಂದ ಕೊನೆಯವರೆಗೆ ಓದಿಸಿ ಪರೀಕ್ಷಿಸಬೇಕು. ಝಡ್‌ಎಫ್‌ಎಸ್‌ನಲ್ಲಿ ಇದಕ್ಕೆ ಸ್ಕ್ರಬ್ ಎನ್ನುತ್ತಾರೆ. ಎಲ್ಲ ಡಿಸ್ಕುಗಳೂ ಒಟ್ಟಿಗೆ ದುಡಿಯುವ ಈ ಹೊತ್ತಿನಲ್ಲಿ ಶಾಖ ಎಲ್ಲಿಗೆ ನಿಲ್ಲುತ್ತದೆಂಬುದೇ ಗಾಳಿದಾರಿಯ ನಿಜವಾದ ಪರೀಕ್ಷೆ. ಸಡಿಲವಾದ ಕೇಬಲ್ಲಿದ್ದರೆ ಆಗಲೇ ಗೊತ್ತಾಗುತ್ತದೆ. ನಡುವಿನ ಡಿಸ್ಕು ಅಂಚಿನದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಎಲ್ಲೋ ಸಂದು ಮುಚ್ಚುವುದು ಬಾಕಿ ಇದೆ ಎಂದರ್ಥ.

ಖಾಲಿಯಾದ ಟವರ್ ಕೇಸನ್ನು ಗುಜರಿಗೆ ಕೊಡಬೇಡಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ — ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ ಈ ಸೂತ್ರದ ಮೂರನೇ ಭಾಗವನ್ನು ಹೆಚ್ಚಿನ ಮನೆಗಳು ಪಾಲಿಸುವುದಿಲ್ಲ. ಹಳೇ ಕೇಸಿಗೆ ಒಂದು ಸಾಧಾರಣ ಬೋರ್ಡು, ಬದಲಿಸಿ ತೆಗೆದ ಸಣ್ಣ ಡಿಸ್ಕುಗಳು ಸಾಕು. ಡಿಸ್ಕುಗಳನ್ನು ಗೂಢಲಿಪಿಯಲ್ಲಿ ಬೀಗ ಹಾಕಿ ಊರಿನ ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇಟ್ಟು, ವಾರಕ್ಕೊಮ್ಮೆ ರಾತ್ರಿ ಎದ್ದು ಹೊಸ ಫೋಟೊ, ದಾಖಲೆಗಳನ್ನು ಎಳೆದುಕೊಂಡು ಮತ್ತೆ ಮಲಗುವಂತೆ ಹೊಂದಿಸಬಹುದು. ಮೊದಲ ಪ್ರತಿಯನ್ನು ಮಾತ್ರ ಮನೆಯಲ್ಲಿರುವಾಗಲೇ ಕೇಬಲ್ಲಿನಲ್ಲಿ ತುಂಬಿಸಿ ಕಳಿಸಿ. ಹಲವು ಟೆರಾಬೈಟನ್ನು ಊರಿನ ಇಂಟರ್ನೆಟ್ಟಿನಲ್ಲಿ ಸಾಗಿಸುವುದಕ್ಕಿಂತ ಕಾರಿನ ಹಿಂದಿನ ಸೀಟಿನಲ್ಲಿ, ಡಿಸ್ಕುಗಳನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಒಯ್ಯುವುದು ಬೇಗ ಮುಗಿಯುತ್ತದೆ.